ಬಾಕಿ ಚಿಲ್ಲರೆ

ಎಸ್.ಎಸ್. ಪುರಂನ ಹಲ್ಲಿನ ಡಾಕ್ಟರ ಮನೆಯಲ್ಲಿ
ಎರಡು ವರ್ಷ ಟವೆಲು ಒಣಗಿಸಿಕೊಂಡು ನಿಂತಿದ್ದದ್ದು.
ಹನ್ನೊಂದು ಸಾವಿರ ಅಂದರು, ಒಂಬತ್ತೂವರೆಗೆ ತಂದೆವು.
ಲಗೇಜ್ ಆಟೋದವನು ಮುನ್ನೂರು ಕೇಳಿದ.
ಸುಮ್ಮನೆ ಅವನ ಮುಖ ನೋಡಿದೆ. ಇನ್ನೂರಕ್ಕೆ ಇಳಿದ.
ಇಪ್ಪತ್ತೇಳು ವರ್ಷ ಲಗೇಜಿಗೆ ಟಿಕೆಟ್ ಹರಿದವಳ ಮುಂದೆ
ಆ ಆಟ ನಡೆಯುವುದಿಲ್ಲ.

ಬಟವಾಡಿಯ ನಮ್ಮ ಮನೆಗೆ ಮೆಟ್ಟಿಲು ಕಿರಿದು.
ರಶ್ಶಿನಲ್ಲಿ ತುಂಬು ಬಸುರಿ ನುಸುಳುವ ಹಾಗೆ
ಮಡಚಿದ ಟ್ರೆಡ್‌ಮಿಲ್ಲು ಪಕ್ಕಪಕ್ಕಕ್ಕೆ ಸರಿದು ಒಳಗೆ ಬಂತು.
"ಎಲ್ಲಿಡ್ತೀಯ ಇದನ್ನ?" ಅಂದರು ಇವರು.
ಹಗಲೆಲ್ಲ ಬೀರುವಿನ ಪಕ್ಕ ಸ್ಟ್ಯಾಂಡಿಂಗು,
ಬೆಳಗಿನ ನಾಲ್ಕೂವರೆಗೆ ಸೀಟು.

ಶುಗರ್ ಮುನ್ನೂರ ಹನ್ನೆರಡು.
"ನಡೀಬೇಕು ಕರಿಬಸಮ್ಮ."
ನಗು ಬಂತು. ಡ್ರೈವರ್ ಸೀಟಿನಿಂದ ಹಿಂಬಾಗಿಲು,
ಹಿಂಬಾಗಿಲಿನಿಂದ ಡ್ರೈವರ್ ಸೀಟು,
ತುಮಕೂರಿಂದ ಪಾವಗಡ, ಪಾವಗಡದಿಂದ ತುಮಕೂರು.
ಬಸ್ಸು ಮುಂದಕ್ಕೆ ಓಡುವಾಗ ನಾನು ಹಿಂದಕ್ಕೆ ನಡೆದದ್ದು
ಯಾವ ಲಾಗ್‌ಶೀಟಿನಲ್ಲೂ ಇಲ್ಲ.

ಅಮಾನಿಕೆರೆ ಏರಿಯ ಮೇಲೆ ಒಂದು ವಾರ ನಡೆದೆ.
ಎದುರು ಸಿಕ್ಕವರು ನಿಲ್ಲಿಸಿ,
"ಮೇಡಂ, ಕೊರಟಗೆರೆ ಟಿಕೆಟಿಗೆ
ಮೂರು ರೂಪಾಯಿ ನಿಮ್ಮಲ್ಲೇ ಉಳೀತು" ಅನ್ನುತ್ತಾರೆ.
ತಮಾಷೆಗೆ.
ಮಂಡಿ ನೋವು, ನಾಯಿ ಕಾಟ ಅಂತ ಮನೆಯಲ್ಲಿ ಹೇಳಿದೆ.

ಒಂದು ಕೆಂಪು ದಾರವಿದೆ ಇದಕ್ಕೆ, ತುದಿಯಲ್ಲಿ ಕ್ಲಿಪ್ಪು.
ಎದೆಗೆ ಸಿಕ್ಕಿಸಿಕೊಳ್ಳಬೇಕು; ಬಿದ್ದರೆ ದಾರ ಕಿತ್ತು
ತಾನೇ ನಿಲ್ಲುತ್ತದಂತೆ.
ನನ್ನ ವಿಸಿಲು ತೂಗುತ್ತಿದ್ದ ಜಾಗವೇ ಅದು.
ಒಂದು ಊದಿದರೆ ನಿಲ್ಲು,
ಎರಡು ಊದಿದರೆ ಹೊರಡು.

ಮೊದಲ ದಿನ ಕಂಬಿ ಹಿಡಿಯಲಿಲ್ಲ. ಹಳೇ ರೂಢಿ,
ಸೀಟಿನ ಅಂಚಿಗೆ ಸೊಂಟ ಆನಿಸಿ ಎರಡೂ ಕೈ ಟಿಕೆಟಿಗೆ.
ಇಲ್ಲಿ ಆನಲು ಏನಿದೆ? ಪಟ್ಟಿ ಕಾಲೆಳೆದು
ನನ್ನನ್ನು ದೇವರ ಕೋಣೆಯ ಹೊಸ್ತಿಲಿಗೆ ಇಳಿಸಿತು.
ಇವರು ನಕ್ಕರು. ಆಮೇಲೆ ಅರಿಶಿನ ಕಲಸಿ ತಂದರು.

ದಿನಕ್ಕೆ ಒಂದು ಕಿಲೋಮೀಟರು, ಮೇಲೆ ಇನ್ನೂರು ಮೀಟರು.
ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಕೆಳಗೆ ಬರೆಯುತ್ತೇನೆ.
ಕೂಡಿಸಿದರೆ, ಇಪ್ಪತ್ತೆರಡನೇ ದಿನ ಕೊರಟಗೆರೆ.
ಮೂವತ್ತಾರಕ್ಕೆ ಮಧುಗಿರಿ; ಬೆಟ್ಟ ಕಾಣಲಿಲ್ಲ,
ಅದೇ ಗೋಡೆ, ಅದೇ ಸ್ವಿಚ್ ಬೋರ್ಡು,
ಕೆಲಸ ಮಾಡದ ಕಾಲಿಂಗ್ ಬೆಲ್ಲಿನ ವೈರು.
ಗೌರಿಹಬ್ಬಕ್ಕೆ ನಾದಿನಿ ಮಕ್ಕಳು ಬಂದು
ನಾಲ್ಕು ದಿನ ಸರ್ವಿಸ್ ರದ್ದು.
ಮುಂದಿನದು ಮಿಡಿಗೇಶಿ.

ಮಿಡಿಗೇಶಿ ಹತ್ತಿರವಾದಂತೆ ನನ್ನ ಕಾಲು ನಿಧಾನ.

ಹೈಸ್ಕೂಲು ಹುಡುಗಿ. ಬಟ್ಟೆಯ ಚೀಲ. ನೂರರ ನೋಟು.
ಟಿಕೆಟಿನ ಹಿಂದೆ ಎಪ್ಪತ್ತೆರಡು ಅಂತ ಗೀಚಿ ಕೊಟ್ಟೆ.
ಸಂತೆ ದಿನ, ಕಾಲಿಡಲು ಜಾಗವಿಲ್ಲ. ಅವಳಿಗೆ ನಿದ್ದೆ.
ಸ್ಟಾಪು ಬಂದಾಗ ಗಡಬಡಿಸಿ ಇಳಿದಳು.
ನಾನು ಎರಡು ವಿಸಿಲು ಊದಿಬಿಟ್ಟೆ.
ಹಿಂದಿನ ಗಾಜಿನಲ್ಲಿ ಕಂಡಳು,
ಟಿಕೆಟ್ ಮೇಲೆತ್ತಿ ಹಿಡಿದು ಓಡಿ ಬರುತ್ತಿದ್ದಳು.
ನೋಡಿದೆ. ನೋಡಲಿಲ್ಲ ಅಂತ ಯಾರಿಗಾದರೂ ಹೇಳಬಹುದು,
ನೋಡಿದೆ.
ಬಸ್ಸು ಇಪ್ಪತ್ತು ನಿಮಿಷ ಲೇಟು.
ಒಂದು ವಿಸಿಲು ಬಾಯವರೆಗೆ ಬಂದು ನಿಂತಿತು.
ನಾಳೆ ಸಿಗುತ್ತಾಳೆ ಅಂದುಕೊಂಡೆ. ನಾಳೆ ಹತ್ತಲಿಲ್ಲ,
ಆಚೆ ನಾಳೆಯೂ ಇಲ್ಲ.
ಎಪ್ಪತ್ತೆರಡು ರೂಪಾಯಿ
ಎರಡು ಪ್ಯಾಕೆಟ್ ಎಣ್ಣೆಯಾಗಿ ನಮ್ಮ ಒಗ್ಗರಣೆಗೆ ಹೋಯಿತು.

ಐವತ್ತನೇ ದಿನ, ಯಾಕೋ, ವೇಗ ಆರಕ್ಕೆ ಒತ್ತಿದೆ.
ಅರವತ್ತೊಂದರ ಮಂಡಿಯಲ್ಲಿ ಓಡಿದೆ.
ಓಡಿದಷ್ಟೂ ಎದುರಿನ ಗೋಡೆ ಅಲ್ಲೇ,
ಒಂದಿಂಚು ಹತ್ತಿರವಿಲ್ಲ, ಕೆಳಗೆ ನೆಲ
ಹಿಂದಕ್ಕೆ ಹಿಂದಕ್ಕೆ ಹೋಗುತ್ತಲೇ ಇದೆ,
ಗಂಟಲು ಒಣಗಿ, ಕೂಗಿದರೂ ಕೇಳಿಸಿಕೊಳ್ಳುವವರಿಲ್ಲ...
ಹೀಗಿರುತ್ತದಾ ಅದು.
ದಾರ ಕಿತ್ತೆ.

"ಬಿದ್ದೆಯಾ?" ಅಡುಗೆ ಮನೆಯಿಂದ ಇವರು.
"ಇಲ್ಲ, ಸ್ಟಾಪು."

ಈಗ ಶುಗರ್ ನೂರ ಎಂಬತ್ತು.
ನೀರಿನ ಬಾಟಲಿ ಇಡುವ ಗುಳಿಯಲ್ಲಿ
ಎಪ್ಪತ್ತೆರಡು ರೂಪಾಯಿ ಇಟ್ಟಿರುತ್ತೇನೆ.
ಮಡಚುವಾಗ ನಾಣ್ಯಗಳು ಮಂಚದ ಕೆಳಗೆ ಉರುಳುತ್ತವೆ.
ಇವರು ಆರಿಸಿಕೊಂಡು ಹೋಗಿ ಕೊತ್ತಂಬರಿ ಸೊಪ್ಪು ತರುತ್ತಾರೆ.
ನಾನು ಮತ್ತೆ ಇಡುತ್ತೇನೆ.