ನಲವತ್ತಮೂರು ಚುಕ್ಕೆ

ಬೆಳಿಗ್ಗೆ ಫೈಲು ತೆರೆದರೆ ಮನೆಗೆ ಬಾಗಿಲಿಲ್ಲ.
ಗೋಡೆ ಇದೆ, ಗೋಡೆಯಲ್ಲಿ ಕಂಡಿ ಇದೆ,
ಕಂಡಿಯ ನಡುವೆ ಸಾಸಿವೆಯಷ್ಟು ಕಪ್ಪು ಚುಕ್ಕೆ.
ಪಕ್ಕದಲ್ಲೊಂದು ಪೆಟ್ಟಿಗೆ ತೆರೆದುಕೊಂಡು
ಠಾಣೆಯ ಬರವಣಿಗೆಯಲ್ಲಿ ಹೇಳುತ್ತದೆ:
ನಲವತ್ತಮೂರು ವಸ್ತುಗಳು ಕಾಣೆಯಾಗಿವೆ.

ಬೆಂದೂರ್‌ವೆಲ್, ಎರಡನೇ ಮಾಳಿಗೆ. ಕೆಳಗೆ ಕಂಡಕ್ಟರನ ಬೊಬ್ಬೆ,
ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್.
ಮುಚ್ಚಿ ತೆರೆದೆ. ಮತ್ತೆ ಮುಚ್ಚಿ ತೆರೆದೆ.
ಫೋಲ್ಡರಿನ ದಾರಿ ಓದಿದೆ: ಡಿ ಡ್ರೈವು, ಹಿಲ್ಡಾ,
ಹೊಸತು, ಹೊಸತು ಎರಡು, ಇದೇ ಫೈನಲ್.
ಈ ಕಂಪ್ಯೂಟರಿಗೆ ಡಿ ಇಲ್ಲ.
ಹಿಲ್ಡಾ ಬಾಣಂತಿ, ಕಿನ್ನಿಗೋಳಿಯಲ್ಲಿ.
ಫೋನು ಎತ್ತಿದ ಅವಳಮ್ಮ, ಈಗಷ್ಟೇ ನಿದ್ದೆ ಬಂತು ಅಂದರು.
ತಾಯಿಗೋ ಮಗುವಿಗೋ, ಕೇಳಲಿಲ್ಲ.

ಎಲ್ಲಿಂದಲೋ ಅದೇ ಹೆಸರಿನ ಬಾಗಿಲು ತಂದು ಹಾಕಿದೆ.
ಚುಕ್ಕೆ ಕದಲಲಿಲ್ಲ.
ಹೆಸರು ಒಂದೇ ಆದರೆ ಸಾಲದಂತೆ,
ಒಳಗೆ ಯಾರಿಗೂ ಕಾಣದ ಉದ್ದನೆಯ ನಂಬ್ರವೊಂದಿದೆ,
ಅದು ಕೂಡಿಬರಬೇಕು.
ಸಂಬಂಧ ನೋಡುವವರೂ ಇದನ್ನೇ ಹೇಳುತ್ತಾರೆ.
ನನಗೆ ಮೂವತ್ತೊಂದು.

ಹನ್ನೊಂದೂವರೆಗೆ ಕುದ್ರೋಳಿಯಿಂದ ಬೀಪಾತುಮ್ಮ.
ಕೊಡೆ ಮಡಚಿ ಮೂಲೆಗೆ ಆನಿಸಿ,
“ಆಯ್ತಾ ಮಾರಾಯ್ತಿ ನನ್ನ ಮನೆ?”
ಪರದೆಯನ್ನು ಅತ್ತ ತಿರುಗಿಸುವಷ್ಟರಲ್ಲಿ ನೋಡಿಯೇ ಬಿಟ್ಟರು.
ಬೈಯಲಿಲ್ಲ. ಕನ್ನಡಕ ಹಾಕಿದರು.
ಬೆರಳನ್ನು ಗಾಜಿಗೆ ತಾಗಿಸಿ
ಚುಕ್ಕೆಯಿಂದ ಚುಕ್ಕೆಗೆ ನಡೆದರು, ದೀಪವಿಲ್ಲದೆ
ತಮ್ಮದೇ ಮನೆಯಲ್ಲಿ ನಡೆದ ಹಾಗೆ.

“ಇದು ಬೇಸಿನ್ನು. ತಗ್ಗಿಗೆ ಬೇಕು,
ಹಿಲ್ಡಾ ನನ್ನ ಮೊಣಕೈ ಹಿಡಿದು ಅಳತೆ ತೆಗೆದದ್ದು.
ಇದು ಮೀನು ಕೊಯ್ಯುವ ಕಟ್ಟೆ, ನಳ್ಳಿ ಎಡಕ್ಕೆ,
ನಾನು ಎಡಗೈಯವಳು.
ಇದು ಕಪಾಟು. ಬಾಗಿಲು ಬೇಡ ಅಂದಿದ್ದೆ,
ಗೆದ್ದಲು ಹಿಡಿದರೆ ಕಾಣಬೇಕಲ್ಲ.”
ಚಾವಡಿಯ ಮೂಡುಕಿಟಕಿಯ ಬಳಿ ಬೆರಳು ನಿಂತಿತು.
“ಇದು ಯಾವುದೋ. ನನಗೂ ಮರೆತುಹೋಯ್ತು.”
ಚೀಟಿಯಲ್ಲಿ ಬರೆದುಕೊಂಡೆ: ನಲವತ್ತೆರಡು.

ಮೂರು ಗಂಟೆಗೆ ಹಿಲ್ಡಾ ಫೋನು, ಹಿಂದೆ ಮಗುವಿನ ಅಳು.
“ಸ್ಕೇಲಿನ ಡ್ರಾವರು ನೋಡು, ನೀಲಿ ಪೆನ್‌ಡ್ರೈವು.
ದಾರಿ ಅಲ್ಲಿಗೆ ತಿರುಗಿಸು, ರೀಲೋಡ್ ಕೊಡು, ಇಡ್ತೇನೆ.”

ಬಾಗಿಲುಗಳು ಬಂದವು. ಒಂದೊಂದೇ ಅಲ್ಲ, ಒಟ್ಟಿಗೆ,
ಕರೆಂಟು ಬಂದ ಹಾಗೆ.
ಬೇಸಿನ್ನು ಮಾತ್ರ ಬೀಪಾತುಮ್ಮ ಹೇಳಿದ್ದಕ್ಕಿಂತ ಒಂದಿಂಚು ಮೇಲೆ.
ನಾನು ಚೀಟಿಯನ್ನು ನಂಬಿ ಇಳಿಸಿದೆ.

ಮತ್ತೆ ಆ ಮೂಡುಕಿಟಕಿ.
ಬೆಳಕು ಬೀಳುವಲ್ಲಿ ತಗ್ಗಿನ ಮಣೆ,
ಎದುರಿಗೆ ಬೀಡಿಯ ಮೊರ,
ಎಲೆ ಕತ್ತರಿಸುವ ಕತ್ತರಿ ಸಹ, ಯಾರೂ ಕೇಳದ್ದನ್ನು
ಇಷ್ಟು ಕೂತು ಮಾಡಿದ್ದಾಳೆ.
ವಸ್ತುವಿನ ಹೆಸರಿನ ಜಾಗದಲ್ಲಿ ಹಿಲ್ಡಾ ಬರೆದದ್ದು:
ಬೀಪಾತುಮ್ಮ ಬೇಡ ಅಂದಿದ್ದಾರೆ. ಅಳಿಸಬೇಡಿ.

ನಾನು ಅಳಿಸಲಿಲ್ಲ. ಆ ಪದರವನ್ನಷ್ಟೇ ಮುಚ್ಚಿ
ಪ್ರಿಂಟಿಗೆ ಕೊಟ್ಟೆ.
ಕಿಟಕಿಯ ಕೆಳಗೆ ಖಾಲಿ ಕಾಗದ, ಎರಡಡಿ ಎರಡಡಿ.
ನಾಳೆ ಬರುತ್ತಾರೆ. ಕೇಳುವುದೋ ಬೇಡವೋ
ನೋಡಬೇಕು.