ಪಟ್ಟಿ

ಶಾಲೆ ಬಿಟ್ಟ ಮೇಲೆ ಬಾಯ್ಲರ್ ನೋಡಿ, ಕಾರಿಡಾರು ಗುಡಿಸಿ,
ಕೊನೆಗೆ ಕಂಪ್ಯೂಟರ್ ಕೋಣೆಗೆ ಬರುತ್ತೇನೆ.
ಹನ್ನೆರಡು ಯಂತ್ರ. ಎರಡು ಕೆಟ್ಟಿವೆ.
ವಾರವಿಡೀ ಮಕ್ಕಳು ತಟ್ಟಿ, ತೆರೆಯದೆ ಹೋದ ಬಾಗಿಲುಗಳ ಪಟ್ಟಿಯನ್ನು
ಶುಕ್ರವಾರ ಮುದ್ರಿಸಿ ಫೈಲಿಗೆ ಸೇರಿಸುವುದು ನನ್ನ ಕೆಲಸ.
ಓದು ಅಂತ ಯಾರೂ ಹೇಳಿಲ್ಲ.
ಓದಬೇಡ ಅಂತಲೂ.

ಮೊಣಕಾಲು ಕೈಕೊಡುವ ತನಕ ನಾನು ಬೇಟೆಗಾರ.
ಉಪರ್ನಾವಿಕ್‌ನ ಉತ್ತರಕ್ಕೆ, ನಾಯಿಗಳ ಹಿಂದೆ,
ಹಿಮದ ಮೇಲಿನ ಹೆಜ್ಜೆ ನೋಡಿ ಹೇಳುತ್ತಿದ್ದೆ:
ನರಿ, ಹಸಿದದ್ದು, ಎಡಗಾಲು ಕುಂಟು, ಬೆಳಿಗ್ಗೆಯಷ್ಟೇ ಹೋಗಿದೆ.
ಈಗ ಕಾಗದದ ಮೇಲೆ ನೋಡುತ್ತೇನೆ.

ಸೋಮವಾರ, ಯಂತ್ರ ಎರಡು:
ಆಟ. ಆಟ. ಆಟ. ಆಟ.
ಇದು ಮಾಲೆರಾಕ್. ಮುಚ್ಚಿದ ಬಾಗಿಲನ್ನೇ ನಾಲ್ಕು ಸಲ ಒದೆಯುವವನು
ಊರಲ್ಲಿ ಇನ್ನು ಯಾರಿದ್ದಾರೆ.

ಮಂಗಳವಾರ, ಯಂತ್ರ ಏಳು:
ಸೀಲ್ ಸುಲಿಯುವಾಗ ಚಾಕು ಎಲ್ಲಿಂದ ಇಳಿಸಬೇಕು.
ತಡೆಹಿಡಿಯಲಾಗಿದೆ. ಕಾರಣ: ಹಿಂಸೆ.
ಅದರ ಕೆಳಗೇ, ಅವರಪ್ಪನ ರೈಫಲ್ಲಿನ ಹೆಸರು.
ತಡೆಹಿಡಿಯಲಾಗಿದೆ. ಕಾರಣ: ಆಯುಧ.
'ನಮ್ಮ ಮನೆಯ ಕಸುಬು' ಅಂತ ಪ್ರಬಂಧ ಕೊಟ್ಟಿದ್ದರು ಬಿರ್ಗಿಟ್ಟೆ ಟೀಚರು.
ಆ ಹುಡುಗ ಬರೆದದ್ದನ್ನು ಗೋಡೆಗೆ ಅಂಟಿಸಿದ್ದಾರೆ, ಗುಡಿಸುವಾಗ ಓದಿದೆ:
"ನನ್ನ ತಂದೆ ಹೊರಗೆ ಹೋಗುತ್ತಾರೆ. ವಾಪಸ್ಸು ಬರುತ್ತಾರೆ."

ದಕ್ಷಿಣದ ಕಚೇರಿಯವರ ಮೇಲೆ ಸಿಟ್ಟಿಲ್ಲ.
ಅವರಿಗೆ ಸೀಲು ಅಂದರೆ ಕಾಗದದ ಮೇಲೆ ಒತ್ತುವಂಥದು,
ನಮಗೆ, ಮಂಜುಗಡ್ಡೆಯ ತೂತಿನಲ್ಲಿ ಮೂಗೆತ್ತಿ ಉಸಿರಾಡುವಂಥದು.
ನನ್ನ ಮೊಮ್ಮಗಳೂ ಆ ಕೋಣೆಯಲ್ಲೇ ಕೂರುತ್ತಾಳೆ.
ಕೆಲವು ಬಾಗಿಲು ಮುಚ್ಚಿಯೇ ಇರಲಿ ಅಂತ ನನಗೂ ಇದೆ.
ಗಡ್ಡೆ ತೆಳುವಾದಲ್ಲಿ ಕೋಲು ನೆಡುವುದಿಲ್ಲವೇ ನಾವು?
ಆದರೆ ಕೋಲು ನೆಡುವವನು
ಮೊದಲು ಆ ಗಡ್ಡೆಯ ಮೇಲೆ ನಿಂತು ನೋಡಿರುತ್ತಾನೆ.

ಗುರುವಾರ, ಯಂತ್ರ ನಾಲ್ಕು, ಮಧ್ಯಾಹ್ನ ಒಂದೂ ನಲವತ್ತು:
ಮಾತು ಬಿಟ್ಟವರನ್ನು ಮಾತಾಡಿಸುವುದು ಹೇಗೆ.
ತಡೆಹಿಡಿಯಲಾಗಿದೆ. ಕಾರಣ: ಹರಟೆ.
ಒಂದೂ ನಲವತ್ತೆರಡು:
ಅಣ್ಣ ಮಾತಾಡುತ್ತಿಲ್ಲ.
ತಡೆಹಿಡಿಯಲಾಗಿದೆ. ಕಾರಣ: ಹರಟೆ.

ಆಮೇಲೆ ಏನೂ ಇಲ್ಲ.
ಗಂಟೆ ಹೊಡೆಯುವವರೆಗೆ ಹದಿನೆಂಟು ನಿಮಿಷ
ಹೆಜ್ಜೆ ಅಲ್ಲೇ ನಿಂತಿದೆ.
ನಿಂತ ಹೆಜ್ಜೆ ನಡೆದದ್ದಕ್ಕಿಂತ ಆಳ.

ನಾಲ್ಕನೆಯದರ ಕುರ್ಚಿ ಅಲುಗಾಡುತ್ತದೆ.
ಕಾಲಿನಡಿಗೆ ರಟ್ಟು ಮಡಿಸಿಟ್ಟವಳು ಪಾನಿಂಗ್ವಾಕ್,
ಬೇರೆ ಯಾರೂ ಅಲ್ಲಿ ಕೂರುವುದಿಲ್ಲ.
ಅವಳಣ್ಣ ಉಯಾರ್ನೆಕ್. ಮೇ ತಿಂಗಳಲ್ಲಿ ಗಡ್ಡೆ ಬಾಯ್ಬಿಟ್ಟು
ಒಂದೇ ಗುಕ್ಕಿಗೆ ಒಂಬತ್ತು ನಾಯಿ ಕಳಕೊಂಡವನು.
ಸೂರ್ಯ ಹೋಗಿ ಇವತ್ತಿಗೆ ಹನ್ನೊಂದು ದಿನ.

ಅರ್ಜಿ ನಮೂನೆ ಇದೆ. ತುಂಬಿದೆ.
'ಪುಟ ತೆರೆಯಲು ಕಾರಣ' ಎಂಬಲ್ಲಿ
ಬಹಳ ಹೊತ್ತು ಕೂತು, 'ಬೇಕಾಗಿದೆ' ಅಂತ ಬರೆದೆ.
ಹತ್ತು ಕೆಲಸದ ದಿನಗಳೊಳಗೆ ಉತ್ತರ ಬರುತ್ತದಂತೆ.

ದೀಪ ಆರಿಸಿ, ಮನೆಯಿಂದ ಎರಡು ಹೆಪ್ಪುಗಟ್ಟಿದ ಮೀನು ತಗೊಂಡು
ಮೇಲಿನ ನೀಲಿ ಮನೆಯ ಮೆಟ್ಟಿಲು ಹತ್ತಿದೆ, ಮೊಣಕಾಲನ್ನು ಬೈಯುತ್ತ.
ಬಾಗಿಲು ತೆರೆದದ್ದು ಅವಳೇ. ಯಾಕೆ ಬಂದೆ ಅನ್ನಲಿಲ್ಲ.
ಅವನು ಕಿಟಕಿಯ ಹತ್ತಿರ.
ಕಿಟಕಿಯಲ್ಲಿ ಅವನದೇ ಮುಖ ಬಿಟ್ಟರೆ ನೋಡಲು ಏನೂ ಇಲ್ಲ.
ಪಕ್ಕದಲ್ಲಿ ಕೂತೆ.
ಮಾತಾಡಿಸುವುದು ಹೇಗೆಂದು ನನಗೂ ಗೊತ್ತಿಲ್ಲ.
ಕೆಟಲು ಕುದಿಯಿತು, ಆರಿತು, ಮತ್ತೆ ಕುದಿಯಿತು.
ಕೋಟಿನ ಒಳಗಿಂದ ಪಟ್ಟಿ ತೆಗೆದೆ,
ನನ್ನ ಮುದಿ ನಾಯಿಯ ಎದೆಗೆ ಕಟ್ಟುವ ಪಟ್ಟಿ,
ಹೊಲಿಗೆ ಬಿಟ್ಟದ್ದು. ಮೇಜಿನ ಮೇಲಿಟ್ಟೆ.

ಅವನು ಏನೂ ಹೇಳಲಿಲ್ಲ.
ಎಷ್ಟೋ ಹೊತ್ತಾದ ಮೇಲೆ ಎತ್ತಿಕೊಂಡು,
ಹರಿದ ಕಡೆಯನ್ನು ದೀಪಕ್ಕೆ ಹಿಡಿದ.
ಒಳಕೋಣೆಯಲ್ಲಿ ಪಾನಿಂಗ್ವಾಕ್
ಒಂದಾದ ಮೇಲೊಂದು ಡಬ್ಬಿ ತೆರೆಯುತ್ತಿದ್ದಳು,
ದಪ್ಪ ಸೂಜಿಗಾಗಿ.