ಏಳು ಕಿಲೋಮೀಟರ್

ತಪಾಸಣೆಯ ಹುಡುಗ ಸ್ಕ್ರೂಡ್ರೈವರ್ ತೆಗೆದು
ಲಾಡಾದ ಹೊಟ್ಟೆಗೆ ಮೆಲ್ಲಗೆ ಒತ್ತಿದ, ಅಷ್ಟೇ.
ಹಿಡಿಯವರೆಗೂ ಒಳಹೋಯಿತು,
ಬೆಂದಿದೆಯೋ ಎಂದು ನಾನು ಕೇಕಿಗೆ ಕಡ್ಡಿ ಚುಚ್ಚಿದ ಹಾಗೆ.
"ಒಂದು ತಿಂಗಳು ಕೊಡ್ತೀನಿ, ಹಲ್ಬೆರಾ" ಅಂದ.
ಅವನು ಶಾಲೆಯಲ್ಲಿದ್ದಾಗ
ಮೀನಿನ ಉಂಡೆ ಎರಡೆರಡು ಸಲ ಬಡಿಸಿದ್ದೆ. ಮರೆತಿಲ್ಲ.

ನಾನು ಅಡಿಗೆಯವಳು.
ವೆಲ್ಡಿಂಗ್ ಕಲಿತದ್ದು ಹೋದ ಚಳಿಗಾಲ,
ಮಧ್ಯಾಹ್ನ ಮೂರಕ್ಕೇ ಕತ್ತಲು ಬಂದು ಕೂರುವ ತಿಂಗಳುಗಳಲ್ಲಿ,
ಸುಟ್ಟುಹೋದ ಬ್ರೆಡ್ಡಿನ ಟ್ರೇಗಳನ್ನು ಒಂದಕ್ಕೊಂದು ಬೆಸೆದು,
ಕಿತ್ತು, ಮತ್ತೆ ಬೆಸೆದು.
ನನ್ನ ಬೆಸುಗೆ ಕೋಳಿ ಕೆದರಿದ ಹಾಗಿರುತ್ತದೆ.
ಇರಲಿ. ಹಿಡಿದರೆ ಸಾಕು.

ಈಗ ಜೂನ್. ರಾತ್ರಿ ಎರಡಕ್ಕೂ ಬೆಳಕು.
ದೋಣಿಯ ಶೆಡ್ಡಿನಲ್ಲಿ ರಟ್ಟು ಹಾಸಿ ಅಂಗಾತ ಮಲಗಿದ್ದೇನೆ,
ಮೂಗಿನ ಮೇಲೆ ಮೂವತ್ತೈದು ವರ್ಷದ ಕಬ್ಬಿಣ.
ತಟ್ಟಿದರೆ ತುಕ್ಕು
ಒಣಮೀನಿನಂತೆ ಪದರ ಪದರವಾಗಿ ಏಳುತ್ತದೆ,
ಕಣ್ಣಿಗೆ, ಬಾಯಿಗೆ, ಕಾಲರಿನೊಳಕ್ಕೆ.
ಸಮುದ್ರ ಇಲ್ಲಿಗೂ ಬಂದು ಸಂಸಾರ ಹೂಡಿದೆ.

ಸ್ಪ್ರಿಂಗಿನ ಬೋಲ್ಟು ಜಪ್ಪಯ್ಯ ಅಂದರೂ ಕದಲದು.
ಎಣ್ಣೆ ಕುಡಿಸಿದೆ. ಒಂದು ರಾತ್ರಿ ಬಿಟ್ಟೆ.
ಬೆಂಕಿ ತೋರಿಸಿದೆ. ಬೈದೆ. ಬೇಡಿಕೊಂಡೆ.
ಪಾನಾದ ಹಿಡಿಗೆ ಕೊಳವೆ ಸಿಕ್ಕಿಸಿ
ಇದ್ದ ಮೈಭಾರವನ್ನೆಲ್ಲ ಹೇರಿದಾಗ
ಟಕ್ ಎಂದಿತು.
ಸಡಿಲಾದದ್ದಲ್ಲ. ಮುರಿದದ್ದು.
ಎರಡಕ್ಕೂ ಎದೆ ಒಂದೇ ಥರ ಹಾರುತ್ತದೆ,
ಯಾವುದೆಂದು ತಿಳಿಯುವುದು ಆಮೇಲೆ.

ಸ್ತೂರ್ಲಾ ಬಂದ. ಪಕ್ಕದ ಮನೆಯವ,
ಫೆರಿಯಲ್ಲಿ ಇಂಜಿನಿಯರ್ ಆಗಿದ್ದವ.
ಕರೆಯದೆ ಬರುತ್ತಾನೆ, ಲ್ಯಾಂಪು ಹಿಡಿಯುತ್ತಾನೆ,
ನನಗೆ ಬೇಕಾದ ಕಡೆಗಲ್ಲ, ತನಗೆ ಕುತೂಹಲವಿದ್ದ ಕಡೆಗೆ.
ಉಳಿದ ನಟ್ಟುಗಳ ಕಾಫಿ ಡಬ್ಬಿ ಕುಲುಕಿ
"ಇವು ಎಲ್ಲಿಯವು?" ಎನ್ನುತ್ತಾನೆ.
ಗೊತ್ತಿದ್ದರೆ ಡಬ್ಬಿಯಲ್ಲಿರುತ್ತಿದ್ದವೇ?

ಚಾಲಕನ ಕಾಲಡಿಯ ರಬ್ಬರು ಕಿತ್ತೆ.
ಕೆಳಗೆ ಡಾಂಬರು. ಡಾಂಬರು ಕೆರೆದರೆ ರಿವೆಟ್ಟು,
ಸಾಲಾಗಿ ಅಲ್ಲ, ಜಾತ್ರೆಗೆ ನುಗ್ಗಿದ ಹಾಗೆ,
ನಲವತ್ತೊಂದು. ಎಣಿಸಿದೆ.
ಯಾರೋ ನನ್ನಷ್ಟೇ ಬಾರದವರು
ನನ್ನಷ್ಟೇ ಹಟ ಹಿಡಿದು ಹೊಡೆದದ್ದು.
ಉಳಿಯಿಂದ ಒಂದೊಂದೇ ಹಾರಿಸಿ
ತಗಡು ಮಗುಚಿದರೆ ಹಳದಿ ಬಣ್ಣ,
ಅಂಚಿಗೆ ಹಿಟ್ಟಿನಂಥ ಬಿಳಿ ಪುಡಿ,
ನಡುವೆ ಕಪ್ಪಗೆ:
ಸ್ಕೆಲ್ವೀಕ್ ೭.

ಘಾಟಿಯ ತಿರುವಿನಲ್ಲಿದ್ದ ಫಲಕ!
ತೊಂಬತ್ತೆಂಟರ ಬಿರುಗಾಳಿಗೆ ಹಾರಿಹೋಯಿತೆಂದು
ಊರಿನ ದಫ್ತರದಲ್ಲಿ ಬರೆದಿದೆ.
ಹೊಸದು ಬರುವ ತನಕ, ಎರಡು ಚಳಿಗಾಲ,
ಹೊರಗಿನವರು ಪಕ್ಕದ ಕಣಿವೆಗೆ ಇಳಿಯುತ್ತಿದ್ದರು;
ಒಬ್ಬ ಪಾದ್ರಿಯಂತೂ ಮದುವೆ ಮಾಡಿಸಲು ಬಂದು
ಅಲ್ಲಿ ಯಾರದೋ ಮನೆಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದ.

ಈ ಗಾಡಿಗೆ ನಾನು ನಾಲ್ಕನೆಯವಳು.
ಸ್ತೂರ್ಲಾ ಎರಡನೆಯವ.
ಲ್ಯಾಂಪು ಸ್ವಲ್ಪ ಅಲುಗಿತು.
"ಆ ವರ್ಷ ಗಾಳಿ ಜೋರಿತ್ತು" ಅಂದ.
ಗಾಳಿಗೆ ರಿವೆಟ್ಟು ಹೊಡೆಯಲೂ ಬರುತ್ತಿತ್ತೇ
ಎಂದು ನಾನು ಕೇಳಲಿಲ್ಲ.

ಹದಿನಾರು ವರ್ಷ ಓಡಿಸಿದ್ದೇನೆ ಇದನ್ನು.
ಸೆಪ್ಟೆಂಬರಿನಲ್ಲಿ ಕುರಿ ಇಳಿಸಲು, ಹಿಮದಲ್ಲಿ ಹಾಲು ತರಲು,
ಅಕ್ಕನ ಆಸ್ಪತ್ರೆಗೆ, ದಕ್ಷಿಣಕ್ಕೆ,
ಒಂದೇ ಬೀಸಿಗೆ ನಾನೂರು ಕಿಲೋಮೀಟರ್,
ಕಿಟಕಿ ಮುಚ್ಚದೆ, ಹೀಟರು ಕೆಟ್ಟು.
ಎತ್ತ ಹೋದರೂ ನನ್ನ ಬಲಗಾಲಿನಡಿ
ಊರು ಏಳೇ ಕಿಲೋಮೀಟರ್ ಇತ್ತು.

ಶಾಲೆಯ ಓವನ್ನಿನ ದೊಡ್ಡ ಟ್ರೇ ಕತ್ತರಿಸಿ
ಹೊಸ ನೆಲ ಬೆಸೆದೆ. ಕೋಳಿ ಕೆದರಿತು. ಹಿಡಿಯಿತು.
ಅದರ ಮೇಲೆ ಫಲಕ, ಈ ಸಲ ಅಕ್ಷರ ಮೇಲಾಗಿ.
ನಾಲ್ಕು ರಿವೆಟ್ಟು ಸಾಕಿತ್ತು.
ಐದನೆಯದನ್ನು ಸ್ತೂರ್ಲಾ ಕೇಳಿ ಇಸಿದುಕೊಂಡು ಹೊಡೆದ,
ಸೊಟ್ಟಗೆ.
ಮೇಲೆ ರಬ್ಬರು ಹಾಸಿದೆವು.
ತಪಾಸಣೆಯ ಹುಡುಗನಿಗೆ ಇದೆಲ್ಲ ಯಾಕೆ?